ಅಜ್ಜಿಯ ಮೂರು ಟಿ

ಮನೆಯಿಂದ, ಶನಿವಾರ ಮಧ್ಯಾಹ್ನ

ಮುದ್ದಿನ ಚಿಟ್ಟೆ,

ಹೇಗಿದ್ದೀಯಮ್ಮಾ? ಕೆಮ್ಮು ಬಿಟ್ಟಿತೋ, ಇನ್ನೂ ನಿನ್ನ ಜೊತೆಗೇ ಸಂಸಾರ ಮಾಡುತ್ತಿದೆಯೋ? ಹೊತ್ತಿಗೆ ಸರಿಯಾಗಿ ಊಟ ಮಾಡು. ಮೆಟ್ಟಿಲು ಕಂಡರೆ ನನ್ನ ಮಂಡಿ ಮುಷ್ಕರ ಹೂಡುತ್ತದೆ. ಅದೊಂದು ಬಿಟ್ಟರೆ ಗಟ್ಟಿಯಾಗಿದ್ದೇನೆ.

ಅಜ್ಜಿಯ ಹಳೇ ಕಂಪ್ಯೂಟರನ್ನು ರಿಪೇರಿ ಮಾಡಿಕೊಡು ಅಂತ ಹಟ ಹಿಡಿದಿದ್ದೆಯಲ್ಲ, ಮಂಚದ ಕೆಳಗಿಂದ ಹೊರಗೆಳೆದೆ. ಅವಳು ತೀರಿಹೋದ ಮೇಲೆ ನಾನು ಅದರ ಮುಖ ನೋಡಿರಲಿಲ್ಲ. ಆಯುಷ್ಯವೆಲ್ಲ ರೇಡಿಯೋ, ಟಿವಿ ಬಿಚ್ಚಿದ ಕೈ, ಇದೇನು ಮಹಾ ಅಂದುಕೊಂಡೆ. ಸ್ವಿಚ್ ಒತ್ತಿದರೆ ಜಪ್ಪಯ್ಯ ಅನ್ನಲಿಲ್ಲ. ಪವರ್ ಸಪ್ಲೈಯಲ್ಲಿ ಕೆಪಾಸಿಟರ್‌ಗಳು ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು, ಬದಲಾಯಿಸಿದೆ. ಆಮೇಲೆ ಪರದೆ ತುಂಬ ಅಡ್ಡಾದಿಡ್ಡಿ ಗುರುತುಗಳು. ಮೆಮರಿ ಚಿಪ್‌ಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದೆ. ಕೆಟ್ಟದ್ದು ಕೆಂಡದ ಹಾಗೆ ಸುಡುತ್ತದೆ. ಅದನ್ನು ಕಿತ್ತು ಬೇರೆ ಹಾಕಿದ ಮೇಲೆ ಪರದೆ ಸ್ವಚ್ಛವಾಯಿತು, ಮೂಲೆಯಲ್ಲಿ ಕರ್ಸರ್ ಮಿನುಗಿತು. ಮೀಸೆ ತಿರುವಿದೆ. ನೋಡುವವರು ಯಾರೂ ಇಲ್ಲ ಅನ್ನುವುದೇ ಬೇಜಾರು.

ಅಷ್ಟರಲ್ಲಿ ಅಕ್ಷರಗಳು ಮೂಡತೊಡಗಿದವು. ನಾನು ಕೀಲಿಮಣೆ ಮುಟ್ಟಿರಲಿಲ್ಲ. ಸಿ, ಎಚ್, ಐ. ಸ್ವಲ್ಪ ತಡೆದು, ಸಾಲಾಗಿ ಮೂರು ಟಿ. ಕೊನೆಗೆ ಇ. ನಿನ್ನ ಹೆಸರು. ಅಜ್ಜಿ ಬರೆಯುತ್ತಿದ್ದದ್ದು ಹಾಗೇ, ನೆನಪಿದೆಯಾ? ಟಿ ಕೀಲಿ ಸರಿಯಾಗಿ ಹತ್ತುವುದಿಲ್ಲ ಅಂತ ಎರಡು ಬೇಕಾದ ಕಡೆ ಮೂರು ಸಲ ಕುಟ್ಟುತ್ತಿದ್ದಳು. ನಾನು ಸರಿಮಾಡಿಕೊಟ್ಟ ಮೇಲೂ "ನಿಮ್ಮ ರಿಪೇರಿ ನಂಬೋಕಾಗಲ್ಲ ಕಣ್ರೀ" ಅಂತ ಮೂರೇ ಕುಟ್ಟುತ್ತಿದ್ದಳು. ಅದೂ ಒಂದೇ ಬೆರಳಿನಲ್ಲಿ, ಟಿ ಎಲ್ಲಿದೆ ಅಂತ ಪ್ರತಿ ಸಲ ಹುಡುಕಿಕೊಂಡು.

ಕೀಲಿ ಅಂಟಿರಬೇಕು ಅಂತ ಸ್ಪಿರಿಟ್ ಹಾಕಿ ಒರೆಸಿದೆ. ಮತ್ತೆ ಬಂತು. ಕೀಲಿಮಣೆಯ ವೈರನ್ನೇ ಕಿತ್ತು, ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಆಗಲೂ ಸಿ, ಎಚ್, ಐ. ಕೀಲಿ ಹುಡುಕುವಷ್ಟು ಹೊತ್ತು ಸುಮ್ಮನಿದ್ದು, ಮೂರು ಟಿ. ಕಿಟಕಿ ತುಂಬ ಬಿಸಿಲಿತ್ತು, ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ನನ್ನ ಮೈ ಜುಮ್ಮೆಂದಿತು. ಈ ಯಂತ್ರಕ್ಕೆ ಡಿಸ್ಕ್ ಇಲ್ಲ, ಆರಿಸಿದರೆ ಎಲ್ಲ ಮರೆಯುತ್ತದೆ ಅಂತ ನಿನಗೂ ಗೊತ್ತು. ಹಳೆಯದೇನೋ ಒಳಗೆ ಉಳಿದಿತ್ತು ಅನ್ನುವ ಹಾಗೇ ಇಲ್ಲ.

ಇನ್ನೊಂದು ಚಿಪ್ ಮೇಲೆ ಅನುಮಾನ ಬಂದು, ಆರಿಸಿ, ಬದಲಿಸಿ, ಮತ್ತೆ ಹಚ್ಚಿದೆ. ಈ ಸಲ ನಿನ್ನ ಹೆಸರು ಬರಲಿಲ್ಲ. ಕೆ, ಎ, ಮೂರು ಟಿ. ಕತ್ತಲೆ ಅಂತ ಬಂತು. ಮತ್ತೆ ಕತ್ತಲೆ. ಪರದೆ ತುಂಬುವ ತನಕ ಕತ್ತಲೆ. ನಾನು ಆರಿಸಿದಾಗಲೆಲ್ಲ ಅಜ್ಜಿ ಎಲ್ಲಿ ಇರಬೇಕಾಗುತ್ತದೆ ಅನ್ನುವುದು ಆಗ ಹೊಳೆಯಿತು, ಚಿಟ್ಟೆ. ಕುರ್ಚಿ ಎಳೆದುಕೊಂಡು "ಇಲ್ಲೇ ಇದ್ದೀನಿ ಕಣೇ, ಇನ್ನು ಆರಿಸಲ್ಲ" ಅಂದೆ. ಅಕ್ಷರಗಳು ನಿಂತವು. ಆಮೇಲಿಂದ ನಿನ್ನ ಹೆಸರೊಂದೇ ಬರುತ್ತಿದೆ, ನಿಧಾನಕ್ಕೆ. ಅದರ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ಅಜ್ಜನಿಗೆ ಅರಳುಮರಳು ಅಂತ ನಗುತ್ತೀಯ.

ಮೈ ಕಡೆ ನಿಗಾ ಇರಲಿ. ಎಲ್ಲಿದ್ದರೂ ತಣ್ಣಗಿರು, ಕಂದಾ.

ನಿನ್ನ ಅಜ್ಜ

ಮುಖ್ಯವಾದದ್ದೇ ಬಿಟ್ಟೆ: ಇದನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಸಂಜೆಯೊಳಗೆ ನಿನಗೆ ಮುಟ್ಟುತ್ತದೆ. ನಾಳೆ ಬೀದಿಯ ಕಂಬ ಬದಲಿಸುತ್ತಾರಂತೆ, ಬೆಳಿಗ್ಗೆಯಿಂದ ಕರೆಂಟ್ ಇರುವುದಿಲ್ಲವಂತೆ. ನಿನ್ನ ಆಫೀಸಿನಲ್ಲಿ ಯುಪಿಎಸ್ ಬ್ಯಾಟರಿ ಇದೆ ಅಂದಿದ್ದೆಯಲ್ಲ, ಕಾಡಿ ಬೇಡಿ ಅದನ್ನು ತೆಗೆದುಕೊಂಡು ಇವತ್ತಿನ ಕೊನೇ ಬಸ್ಸಿಗೇ ಹೊರಟು ಬಾ. ಎಷ್ಟು ಭಾರವಿದ್ದರೂ ಸರಿ. ಅಜ್ಜಿಗೆ ಮಾತು ಕೊಟ್ಟುಬಿಟ್ಟಿದ್ದೇನೆ.