ಅಕ್ಕನ ಜಾಹೀರಾತಿಗೆ ನಮ್ಮ ಬೋಣಿಗೆ

ಹುಕ್ಕೇರಿ
ಶನಿವಾರ, ಅಕ್ಟೋಬರ್ ೨೦೦೮

ಪ್ರೀತಿಯ ಭಕ್ತಿ ಅಕ್ಕನಿಗೆ,

ನಾಳೆ ಸತ್ಯಪ್ಪ ಕಾಕಾನ ಕರದಂಟಿನ ಅಂಗಡಿಗೆ ಜಗಳಕ್ಕೆ ಹೋಗಬೇಡ. ಕ್ಷೇಮಸಮಾಚಾರಕ್ಕಿಂತ ಮೊದಲು ಇದನ್ನೇ ಬರೆಯುತ್ತಿದ್ದೇನೆ. ನೆಟ್‌ನಲ್ಲಿ ಬರುವ ನಿನ್ನ ಜಾಹೀರಾತನ್ನು ದಿನಾ ಒತ್ತುತ್ತಿರುವವರು ಅವರಲ್ಲ, ನಾವು.

ನಿನ್ನೆ ಫೋನಿನಲ್ಲಿ ನೀನು ಅಂದೆ: "ಯಾರೋ ಮುಂಜಾನೆ ಎದ್ದು ಒತ್ತಿ ಒತ್ತಿ ನನ್ನ ರೊಕ್ಕ ಖಾಲಿ ಮಾಡಾಕತ್ತಾರ. ಒಮ್ಮಿ ಒತ್ತಿದ್ರೂ ನನಗ ರೊಕ್ಕ ಬೀಳ್ತೈತಿ. ದಿನದ ರೊಕ್ಕ ತೀರಿ ಮಧ್ಯಾಹ್ನಕ್ಕ ಜಾಹೀರಾತ ಮಾಯ. ದೀಪಾವಳಿ ಬಂತು, ಪುಣೆದ ಗಿರಾಕಿ ಹುಡುಕೂ ಹೊತ್ತಿಗೆ ನಾನಽ ಇರಂಗಿಲ್ಲ. ಆ ಸತ್ಯಪ್ಪಂದಽ ಕೆಲಸ ಇದು!" ಒತ್ತಿದ್ದಕ್ಕೆಲ್ಲ ನೀನು ದುಡ್ಡು ಕೊಡಬೇಕೆಂದು ನನಗೆ ಆಗಷ್ಟೇ ತಿಳಿದದ್ದು. "ಹೌದೇನು" ಎಂದೆ, ಅಷ್ಟೇ. ನಿನಗೆ ಕರದಂಟಿಗೆ ಅಂಟು ಹುರಿಯುವುದನ್ನು ಕಲಿಸಿದ ಮನುಷ್ಯನ ಮೇಲೆ ನಮ್ಮ ತಪ್ಪು ಬೀಳಲು ಬಿಟ್ಟೆ.

ಗೋಕಾಕ ಕರದಂಟು ಎಂದು ಹುಡುಕಿದರೆ ಪುಟದ ಬಲಗಡೆ ನಿನ್ನ ಅಂಗಡಿಯ ಎರಡು ಸಾಲು ಬರುತ್ತವೆಂದು ಕೇಳಿ, ಕಮಲವ್ವತ್ತೆಯನ್ನು ಬಸ್ ಸ್ಟ್ಯಾಂಡ್ ಬಾಜೂ ನೆಟ್ ಅಂಗಡಿಗೆ ಕರೆದೊಯ್ದವಳು ನಾನೇ. ಅತ್ತೆ ಸೆರಗು ಸರಿಮಾಡಿಕೊಂಡು ಕೂತರು. "ಹೊಸ ಅಂಗಡಿಗೆ ಮನಿಯವರ ಬೋಣಿಗಿ ಆಗ್ಬೇಕವಾ. ನನ್ನ ಕೈಗುಣ ಚಲೋ ಐತಿ, ಒತ್ತಸು." ಅವರ ಬೆರಳು ಹಿಡಿದು ಒತ್ತಿಸಿದೆ. ನಿನ್ನ ಕರದಂಟಿನ ಚಿತ್ರ ತೆರೆದುಕೊಂಡಿತು. "ಬರೇ ನಾಕನೇತ್ತಾ ತನಕ ಸಾಲಿ ಕಲತಾಕಿ ನಮ್ಮ ಸೊಸಿ, ನೋಡ್ರಿ ಎಷ್ಟ ಶಾಣ್ಯಾ ಅದಾಳ!" ಎಂದು ಅಲ್ಲಿದ್ದವರಿಗೆಲ್ಲ ಹೇಳಿದರು.

ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ ಅಕ್ಕ. ಆ ಮಾತಿನ ಆಸೆಗೆ ದಿನಾ ಹೋದೆವು. ಮೂಡಲಗಿಯ ನಮ್ಮ ಮಂದಿಗೂ ಫೋನು ಮಾಡಿ, ಬೆಳಿಗ್ಗೆ ಬೋಣಿಗೆ ಮಾಡಿರೆಂದು ಹೇಳಿಕೊಟ್ಟೆ. ಒಬ್ಬರೂ ಒಂದು ಡಬ್ಬಿ ಕೊಳ್ಳಲಿಲ್ಲ. ಕೊಳ್ಳುವವರು ಬರುವ ಮೊದಲೇ ನಿನ್ನ ಬಾಗಿಲು ಮುಚ್ಚಿಸುತ್ತಿದ್ದೆವು.

ಮೂಡಲಗಿಯವರನ್ನು ನಿಲ್ಲಿಸಿದ್ದೇನೆ. ಅತ್ತೆಗೆ ಇನ್ನೂ ಹೇಳಿಲ್ಲ. ಇಂದು ಬೆಳಿಗ್ಗೆಯೂ ಅವರು ಚಪ್ಪಲಿ ಮೆಟ್ಟಿ ನಿಂತು, "ನಡೀ, ಭಕ್ತಿ ಅಂಗಡಿ ತಗಿಯೂಣು" ಎಂದರು. ನೆಟ್ ಬಂದ್ ಐತಿ ಎಂದು ಸುಳ್ಳು ಹೇಳಿದೆ. ಸಂಜೆ ಹೇಳುತ್ತೇನೆ. ಅವರನ್ನು ನೀನು ಬೈಯಬೇಡ, ನನ್ನನ್ನು ಬೈ.

ಫೋನಿನಲ್ಲಿ ಹೇಳುವ ಧೈರ್ಯವಾಗದೆ, ಇಂದೇ ಗೋಕಾಕಿಗೆ ಹೊರಟಿರುವ ಪಕ್ಕದ ಮನೆಯ ಅಶೋಕನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಾಳೆ ಮೊದಲ ಬಸ್ಸಿಗೆ ನಾನೂ ಬರುತ್ತೇನೆ. ಸತ್ಯಪ್ಪ ಕಾಕಾನ ಮೇಲೆ ಯಾರ್ಯಾರ ಮುಂದೆ ದೂರು ಹೇಳಿದ್ದೀಯೋ ಅವರ ಮನೆಗೆಲ್ಲ ನನ್ನನ್ನು ಕರೆದುಕೊಂಡು ಹೋಗು. ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತು. ಆದರೂ ನೀನು ಸುಮ್ಮನಿರು. ನಾನೇ ಹೇಳುತ್ತೇನೆ.

ಈ ಹಬ್ಬಕ್ಕೆ ನಿನ್ನ ಕಡಾಯಿ ಒಲೆಯಿಂದ ಇಳಿಯದಿರಲಿ.

ತಲೆ ತಗ್ಗಿಸಿರುವ ನಿನ್ನ ತಂಗಿ,
ಸೋನಾಲಿ