‘ಇದ್ದ’ ಅಂದವಳನ್ನು ತಿದ್ದಿದೆ

ಜೂನ್ ೧೮, ಬುಧವಾರ. ಲುಬ್ಲಿನ್.

ಜರ್ಮನ್ ಮೌಖಿಕ ಪರೀಕ್ಷೆಗೆ ಉಕ್ರೇನಿನ ಹುಡುಗಿ ಸೊಲೊಮಿಯಾ ಬಂದಿದ್ದಳು. ವಿಷಯ, ‘ನನ್ನ ಕುಟುಂಬ’. “ನನಗೊಬ್ಬ ಅಣ್ಣ ಇದ್ದ,” ಎಂದು ಶುರುಮಾಡಿದಳು.

“ಇದ್ದ ಅಲ್ಲಮ್ಮ, ಇದ್ದಾನೆ. ಕಾಲ ತಪ್ಪಾಯ್ತು, ಮತ್ತೆ ಹೇಳು,” ಅಂದೆ.

ನನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಮೊದಲಿನಿಂದ ಹೇಳಿದಳು. ಅಣ್ಣ ಇದ್ದಾನೆ, ಅಕಾರ್ಡಿಯನ್ ನುಡಿಸುತ್ತಾನೆ, ಭಾನುವಾರ ಫೋನ್ ಮಾಡುತ್ತಾನೆ. ಒಂದು ಕ್ರಿಯಾಪದವೂ ತಪ್ಪಲಿಲ್ಲ. ಪೂರ್ತಿ ಅಂಕ ಕೊಟ್ಟೆ.

ಅವಳು ಹೊರಗೆ ಹೋದ ಮೇಲೆ ಸಹಪರೀಕ್ಷಕಿ ಬೊಜೆನಾ ಅಂದಳು, “ಅವಳಣ್ಣ ಮಾರ್ಚ್‌ನಲ್ಲಿ ಯುದ್ಧದಲ್ಲಿ ಹೋಗ್ಬಿಟ್ಟ ಕಣೇ. ಹೇಳೋಣ ಅಂದ್ರೆ ನೀನು ಬಾಯಿ ತೆಗೆಯೋಕೆ ಎಲ್ಲಿ ಬಿಟ್ಟೆ?”

ಬೇರೆ ದೇಶದವರ ಮಾತನ್ನು ಕೇಳಿಸಿಕೊಳ್ಳುವುದು ಹೇಗೆಂದು ಈ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವಳು ನಾನೇ.

ಕ್ಷಮೆ ಕೇಳಲು ಕಾರಿಡಾರಿಗೆ ಓಡಿದೆ. ಕಿಟಕಿಯ ಬಳಿ ನಿಂತಿದ್ದಳು.

“ನಾನು ಪಾಸಾದೆನಾ ಮೇಡಂ?”

ಹ್ಞೂಂ ಅಂದೆ. ಅಷ್ಟೇ ಅಂದು ಬಂದೆ.