ಹಲ್ಲು ಬಂದ ಮೇಲೂ ಕಾಯಿಸಿದ ನೀರು

ಗೌನಿಪಲ್ಲಿ ಹೋಬಳಿ
ಆಷಾಢ, 1986

ನನ್ನ ಭಾರತಮ್ಮ,

ಕವರಿನ ಮೇಲೆ ನನ್ನ ಹೆಸರು ನೋಡಿದ ಕೂಡಲೇ ಇದನ್ನು ಒಲೆಗೆ ಹಾಕಬೇಡ. ನೀನು ನಾಲ್ಕನೇ ಕ್ಲಾಸಿನ ತನಕ ಓದಿದವಳು. ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ನೀನೇ ಓದು, ಮಾಲೂರಿನ ಆ ಇಟ್ಟಿಗೆ ಗೂಡಿನ ಸಾಲುಮನೆಗಳಲ್ಲಿ ಬೇರೆ ಯಾರ ಕೈಯಲ್ಲೂ ಓದಿಸಬೇಡ. ಇದು ನಮ್ಮಿಬ್ಬರ ಮಾತು. ಹತ್ತು ವರ್ಷದಿಂದ ಆಡದೆ ಉಳಿದುಹೋದ ಮಾತು.

ನಿನಗೆ ಹೆಣ್ಣುಮಗುವಾಗಿ ಆಗಲೇ ವರ್ಷ ತುಂಬಿದೆ ಎಂದು ನನಗೆ ಹೋದ ವಾರವಷ್ಟೇ ತಿಳಿಯಿತು. ನಾಣಿ ಹೋದ ಮೇಲೆ ಇಷ್ಟು ವರ್ಷಕ್ಕೆ ಒಂದು ಮಗು. ಕೇಳಿದ ಕೂಡಲೇ ದೇವರ ಗೂಡಿನಲ್ಲಿ ದೀಪ ಹಚ್ಚಿದೆ. ಆಮೇಲೆ ಅಲ್ಲೇ ಕೂತು ಅತ್ತುಬಿಟ್ಟೆ. ಯಾವುದಕ್ಕೆ ಅಳುತ್ತಿದ್ದೇನೆ ಎಂದು ನನಗೇ ಗೊತ್ತಾಗಲಿಲ್ಲ.

ನಾವಿಬ್ಬರೂ ಒಂದೇ ಬೇಸಿಗೆಯಲ್ಲಿ ಈ ಊರಿಗೆ ಸೊಸೆಯರಾಗಿ ಬಂದವರು. ನಿನ್ನ ಮನೆಗೂ ನನ್ನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದರೂ ಜೊತೆ, ಬಾವಿಗೆ ಹೋದರೂ ಜೊತೆ. ಬಸುರಾದದ್ದೂ ಹೆಚ್ಚುಕಡಿಮೆ ಒಟ್ಟಿಗೇ. ನಿನ್ನ ನಾರಾಯಣ, ನಮ್ಮೆಲ್ಲರ ನಾಣಿ, ಹುಟ್ಟಿದ ವಾರದಲ್ಲೇ ನನ್ನ ಸೀತಾರಾಮ ಹುಟ್ಟಿದ. ನಿನ್ನ ಮಗನನ್ನು ಎತ್ತಿಕೊಂಡರೆ ತೋಳು ಸೋಲುತ್ತಿತ್ತು. ನನ್ನ ಮಗನನ್ನು ಎತ್ತಿಕೊಂಡರೆ ಅವನ ಎದೆಯ ಗೊರಗೊರ ಸದ್ದು ನನ್ನ ಮೈಗೆ ತಾಗುತ್ತಿತ್ತು. ಯಾವಾಗಲೂ ಕೆಮ್ಮು, ಯಾವಾಗಲೂ ನೆಗಡಿ. ನಿನ್ನ ಮಗನನ್ನು ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು ಎಂದು ಹೇಳಿದರೆ ಈಗ ನಂಬುತ್ತೀಯಾ?

ಮೊದಲ ಆರು ತಿಂಗಳು ನೀನೂ ನೀರು ಕಾಯಿಸುತ್ತಿದ್ದೆ, ನಾನೂ ಕಾಯಿಸುತ್ತಿದ್ದೆ. ಆಮೇಲೆ ನಾಣಿಗೆ ಹಲ್ಲು ಬಂತು, ಮುದ್ದೆ ಕಿವುಚಿ ಸಾರಿನಲ್ಲಿ ಅದ್ದಿ ಕೊಟ್ಟರೆ ಚಪ್ಪರಿಸಿ ನುಂಗುತ್ತಿದ್ದ. ನಿಮ್ಮತ್ತೆ ಮುನಿಯಲ್ಲಮ್ಮನವರು ಜಗಲಿಯ ಮೇಲೆ ಕೂತು, "ಮುದ್ದೆ ಅರಗಿಸ್ಕೊಳ್ಳೋ ಮಗನಿಗೆ ಇನ್ಯಾಕೆ ಕಾಯಿಸಿದ್ ನೀರು? ಕಾಯಿಸಿದ್ ಮೇಲೆ ಅದು ಸತ್ತ ನೀರು ಕಣಮ್ಮ, ಅದ್ರಲ್ಲಿ ಏನ್ ಜೀವ ಇರತ್ತೆ?" ಎಂದರು. ಆ ಮಾತು ಇಡೀ ಬೀದಿಗೆ ಸರಿ ಎನಿಸಿತು. ಅಂಗಳದ ಮಣ್ಣನ್ನೇ ಬಾಯಿಗೆ ಹಾಕಿಕೊಳ್ಳುವ ಮಗುವಿಗೆ ನೀರೊಂದನ್ನು ಕಾಯಿಸಿ ಏನು ಬಂತು ಎಂದು ನನಗೂ ಅನ್ನಿಸಿತು. ನೀನು ಬಿಟ್ಟೆ. ನಾನು ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಎಂಬುದನ್ನು ಹೇಳಬೇಕು, ಭಾರತಮ್ಮ. ನಮ್ಮತ್ತೆ ವೆಂಕಟರತ್ನಮ್ಮನವರು ಸೀತಾರಾಮನ ಕೆಮ್ಮಿಗೆಂದು ನೀರಿಗೆ ಓಮ ಹಾಕಿ ಕುದಿಸುತ್ತಿದ್ದರು. ಎದೆ ಬೆಚ್ಚಗಿರಲಿ ಎಂದು. ಅಷ್ಟೇ. ಬಾವಿಯ ನೀರು ಒಳ್ಳೆಯದಲ್ಲ ಎಂದು ಅವರೂ ತಿಳಿದಿರಲಿಲ್ಲ, ನಾನೂ ತಿಳಿದಿರಲಿಲ್ಲ. ಆ ವರ್ಷ ಬೇಸಿಗೆ ಬಂದಾಗ ಕೆಮ್ಮು ಕಡಿಮೆಯಾಯಿತು, ಇನ್ನು ಸಾಕು ಬಿಡೋಣ ಎಂದು ನಾನೇ ಹೇಳಿದ್ದೆ. "ಮಳೆಗಾಲ ಒಂದು ಕಳೀಲಿ ಬಿಡೇ, ಮತ್ತೆ ಗೂರಲು ಶುರುವಾದ್ರೆ ನಿದ್ದೆಗೆಡೋರು ಯಾರು?" ಎಂದರು. ಅವರ ನಿದ್ದೆಯ ಆಸೆ ನನ್ನ ಮಗನನ್ನು ಉಳಿಸಿತು. ಅದರಲ್ಲಿ ನನ್ನ ಬುದ್ಧಿವಂತಿಕೆ ಒಂದು ಚೂರೂ ಇರಲಿಲ್ಲ.

ಮಾವಿನ ಸುಗ್ಗಿ ಮುಗಿಯುತ್ತಿತ್ತು. ಬೀದಿಯೆಲ್ಲ ಓಟೆ, ಸಿಪ್ಪೆ, ನೊಣ. ಮೊದಲ ದೊಡ್ಡ ಮಳೆ ಬಂದು ಮೇಲಿನ ಬೀದಿಯ ಕೊಳೆಯೆಲ್ಲ ಹರಿದು ತಳ ಕಂಡಿದ್ದ ಬಾವಿಗೆ ಇಳಿಯಿತು. ಬಾವಿಗೆ ನೀರು ಬಂತು ಎಂದು ನಾವೆಲ್ಲ ಸಂತೋಷಪಟ್ಟೆವು. ಆ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ತುಂಬಿಕೊಂಡೆವು. ಅದಾದ ಮೇಲೆ ದೊಡ್ಡವೆಂಕಟಪ್ಪನವರ ಮನೆಯ ಮುದುಕರು ವಾಂತಿಭೇದಿಯಲ್ಲಿ ಹೋದರು. ವಯಸ್ಸಾಗಿತ್ತು ಎಂದುಕೊಂಡೆವು. ಆಮೇಲೆ ಕೆಳಗಿನ ಬೀದಿಯ ಒಂದು ಮಗು. ಆಮೇಲೆ ನಾಣಿ.

ಬೆಳಿಗ್ಗೆ ವಾಂತಿ ಶುರುವಾದವನು ಮಧ್ಯಾಹ್ನದ ಹೊತ್ತಿಗೆ ಗುರುತು ಸಿಗದಂತೆ ಆಗಿದ್ದ. ಕಣ್ಣು ಒಳಕ್ಕೆ ಹೋಗಿತ್ತು. ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಹಾಗೇ ನಿಂತಿರುತ್ತಿತ್ತು. "ಬಿಡ್ಡಕಿ ನೀಳ್ಳು ಇವ್ವೊದ್ದು" ಎಂದು ಮುನಿಯಲ್ಲಮ್ಮನವರು ತೆಲುಗಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಮಗುವಿಗೆ ನೀರು ಕೊಡಬೇಡಿ, ಕೊಟ್ಟಷ್ಟೂ ಹೊರಕ್ಕೇ ಹೋಗುತ್ತದೆ ಎಂದು. ಎಲ್ಲರೂ ಹಾಗೆಯೇ ನಂಬಿದ್ದೆವು. ನಾಣಿ ಮೂಲೆಯಲ್ಲಿದ್ದ ಚೊಂಬಿನ ಕಡೆ ಕೈ ಚಾಚಿ ಅಳುತ್ತಿದ್ದ. ಆ ಅಳುವಿನಲ್ಲಿ ಕಣ್ಣೀರೇ ಇರಲಿಲ್ಲ. ನೀನು ಎದ್ದು ಚೊಂಬನ್ನು ಬಾಗಿಲ ಹಿಂದೆ ಮರೆಮಾಡಿದೆ.

ನಿಮ್ಮ ಯಜಮಾನರು ಆಂಜಿನಪ್ಪನವರು ಮಾವಿನ ಲಾರಿಯ ಜೊತೆ ಚಿತ್ತೂರಿಗೆ ಹೋಗಿದ್ದರು. ನಾವಿಬ್ಬರೇ ಹೊರಟೆವು. ಸೀತಾರಾಮನನ್ನು ಅತ್ತೆಯ ಕೈಗೆ ಕೊಟ್ಟು ನಾನು ಬಸ್ಸಿನಲ್ಲಿ ನಿನ್ನ ಪಕ್ಕ ಕೂತೆ. ಶ್ರೀನಿವಾಸಪುರ ಇನ್ನೂ ದೂರವಿರುವಾಗಲೇ ಮಗುವಿನ ತಲೆ ನಿನ್ನ ತೋಳಿನಿಂದ ಜಾರಿತು. ನೀನು ಸರಿಮಾಡಿಕೊಂಡೆ, ಮತ್ತೆ ಜಾರಿತು. ನಾನು ಅವನ ಪಾದ ಮುಟ್ಟಿದೆ. ನಿನ್ನ ಮುಖ ನೋಡುವ ಧೈರ್ಯ ಬರಲಿಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ಡಾಕ್ಟರ ಹತ್ತಿರ ಓಡಿದೆವು. ಅವರು ಮಗುವಿನ ಎದೆಗೆ ಕೊಳವೆ ಇಟ್ಟು, ತೆಗೆದು, "ಸ್ವಲ್ಪ ಹೊತ್ತಾಗಿದೆಯಮ್ಮ" ಎಂದರು. ಆಮೇಲೆ, ನೀರು ಕುಡಿಸುತ್ತಾ ಇದ್ದಿರಾ ಎಂದು ಕೇಳಿದರು. "ಇಲ್ಲ ಸ್ವಾಮಿ, ಒಂದು ತೊಟ್ಟೂ ಕೊಟ್ಟಿಲ್ಲ" ಎಂದೆ ನೀನು. ಹೇಳಿದ ಹಾಗೆ ಕೇಳಿದವಳ ದನಿ ಅದು. ಡಾಕ್ಟರು ತಲೆ ತಗ್ಗಿಸಿದರು. ಊರಿನಲ್ಲಿ ಯಾವ ನೀರು ಕುಡಿಯುತ್ತೀರಿ, ಕಾಯಿಸುತ್ತೀರಾ ಎಂದು ವಿಚಾರಿಸಿದರು. ನನ್ನ ಕಡೆ ತಿರುಗಿ, ನಿನಗೂ ಮಕ್ಕಳಿವೆಯಾ, ಹುಷಾರಾಗಿವೆಯಾ ಎಂದರು. ನನ್ನ ಮಗುವಿಗೆ ಓಮ ಹಾಕಿ ಕಾಯಿಸಿದ ನೀರು ಕೊಡುತ್ತೇವೆ ಎಂದೆ. "ಅದಕ್ಕೇ ಉಳ್ಕೊಂಡಿದೆ ನೋಡು" ಎಂದುಬಿಟ್ಟರು. ಅವರು ನಿಜವನ್ನೇ ಹೇಳಿದರು. ನೀನು ಅಲ್ಲಿರುವಾಗ ಹೇಳಬಾರದಿತ್ತು. ನೀನು ಆಗ ಮಗುವನ್ನು ನೋಡುವುದು ಬಿಟ್ಟು ನನ್ನನ್ನು ನೋಡಿದೆ.

ಹೆಣವನ್ನು ಬಸ್ಸಿಗೆ ಹತ್ತಿಸಿಕೊಳ್ಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನೀನು ನಾಣಿಯನ್ನು ಹೆಗಲಿಗೆ ಹಾಕಿಕೊಂಡು, ಸೆರಗು ಮುಚ್ಚಿ, ಬೆನ್ನು ತಟ್ಟುತ್ತಾ ಕೂತೆ. ದಾರಿಯುದ್ದಕ್ಕೂ ತಟ್ಟುತ್ತಲೇ ಇದ್ದೆ. ಮುಂದಿನ ಸೀಟಿನ ಹೆಂಗಸು ತಿರುಗಿ, "ಮಗು ಒಳ್ಳೆ ನಿದ್ದೆ ಮಾಡ್ತಾ ಇದೆ, ಕತ್ತು ನೋವಾಗತ್ತೆ, ತೊಡೆ ಮೇಲೆ ಮಲಗಿಸ್ಕೊಳಮ್ಮ" ಎಂದಳು. ನೀನು "ಎದ್ದುಬಿಡ್ತಾನೆ" ಎಂದೆ. ಆ ಒಂದು ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಊರ ಮುಂದೆ ಇಳಿದಾಗ ನೀನು ಕೇಳಿದೆ, "ಶಾಮಲಾ, ನಿನಗೆ ಗೊತ್ತಿತ್ತಾ?" ನಾನು "ಇಲ್ಲ ಕಣೇ" ಎಂದೆ. ನೀನು ನಂಬಲಿಲ್ಲ. ನಿನ್ನ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಆಮೇಲೆ ಬೀದಿಯಲ್ಲಿ ಮಾತು ಹಬ್ಬಿತು. ಆ ಮನೆಯವರಿಗೆ ಎಲ್ಲ ಗೊತ್ತಿತ್ತು, ತಮ್ಮ ಮಗುವಿಗೆ ಮಾತ್ರ ಮಾಡಿಕೊಂಡು ಬಾಯಿ ಮುಚ್ಚಿಕೊಂಡಿದ್ದರು ಎಂದು. ನಮ್ಮ ಯಜಮಾನರು ಎರಡು ಮನೆಗಳ ಹಿತ್ತಿಲ ನಡುವೆ ಬೇಲಿ ಹಾಕಿದರು. ಸೀತಾರಾಮ ನಡೆಯಲು ಕಲಿತದ್ದು ಆಗಲೇ. ಬೇಲಿ ಅವನಿಗೆ ಏನು ಗೊತ್ತು? ಒಂದು ದಿನ ತಟ್ಟಾಡಿಕೊಂಡು ಬೀದಿಯ ಕಡೆಯಿಂದ ನಿಮ್ಮ ಜಗಲಿಗೇ ಬಂದ. ನಾನು ಹಿಂದೆ ಓಡಿಬಂದೆ. ನೀನು ಅವನನ್ನು ಎತ್ತಿಕೊಂಡಿದ್ದೆ. ಅವನ ಬಾಯಿಯ ಹತ್ತಿರ ಮೂಗಿಟ್ಟು ಓಮದ ವಾಸನೆ ನೋಡಿದೆ. ಹೊಡೆಯಲಿಲ್ಲ, ಬೈಯಲಿಲ್ಲ. ಮೆತ್ತಗೆ ಕೆಳಗಿಳಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ತಿಂಗಳಲ್ಲೇ ನಿಮ್ಮತ್ತೆಯನ್ನು ಇಲ್ಲೇ ಬಿಟ್ಟು ನೀವಿಬ್ಬರೂ ಮಾಲೂರಿಗೆ ಹೋದಿರಿ.

ಇನ್ನು ಮುಂದಿನದು ನಿನಗೆ ಗೊತ್ತಿದೆಯೋ ಇಲ್ಲವೋ. ನಿಮ್ಮತ್ತೆ ತೀರಿಕೊಂಡಾಗ ಆಂಜಿನಪ್ಪನವರು ಒಬ್ಬರೇ ಬಂದಿದ್ದರು. ನಿನ್ನ ಮುಂದೆ ನಮ್ಮ ಮನೆಯ ಹೆಸರು ಎತ್ತುವುದಿಲ್ಲ ಎಂದು ಅವರೇ ಹೇಳಿದರು.

ನನಗೆ ಇನ್ನೊಂದು ಮಗುವಾಯಿತು. ಹೆಣ್ಣು, ವೆಂಕಟಲಕ್ಷ್ಮಿ ಎಂದು ಹೆಸರಿಟ್ಟೆವು. ಈ ಸಲ ನನಗೆ ಗೊತ್ತಿತ್ತು, ಭಾರತಮ್ಮ. ಹುಟ್ಟಿದ ದಿನದಿಂದ ಅವಳಿಗೆಂದು ಬೇರೆ ಪಾತ್ರೆ, ಬೇರೆ ಲೋಟ. ಹಲ್ಲು ಬಂದ ಮೇಲೂ ಕಾಯಿಸಿದೆ, ನಡೆದ ಮೇಲೂ ಕಾಯಿಸಿದೆ. ನೆಂಟರ ಮನೆಗೆ ಹೋದರೆ ಸೀಸೆಯಲ್ಲಿ ತುಂಬಿಕೊಂಡು ಹೋದೆ. ನಕ್ಕವರ ಮುಂದೆಯೇ ಕುಡಿಸಿದೆ. ಆದರೂ ಒಂದು ವರ್ಷ ದಾಟಿದ ಮೇಲೆ ಅವಳಿಗೂ ಅದೇ ಬಂತು. ಈ ಸಲ ನೀರು ನಿಲ್ಲಿಸಲಿಲ್ಲ. ಕೋಲಾರದ ಆಸ್ಪತ್ರೆ ಮುಟ್ಟುವ ತನಕ ಚಮಚದಲ್ಲಿ ಹಾಕುತ್ತಲೇ ಇದ್ದೆ. ಹಾಕಿದ್ದೆಲ್ಲ ಹೊರಕ್ಕೆ ಬಂತು. ಅಲ್ಲಿ ಸೂಜಿ ಚುಚ್ಚಲು ನರವೇ ಸಿಗದಷ್ಟು ಬತ್ತಿಹೋಗಿದ್ದಳು. ನನ್ನ ಮಗಳೂ ಹೋದಳು.

ನಾನು ಡಾಕ್ಟರಮ್ಮನ ಕೈ ಹಿಡಿದು, ಒಂದು ದಿನವೂ ಹಸಿ ನೀರು ಕೊಡಲಿಲ್ಲ, ಹೇಗೆ ಬಂತು ಹೇಳಿ ಎಂದು ಕಿರುಚಿದೆ. ಅವರು ನನ್ನನ್ನು ಬೆಂಚಿನ ಮೇಲೆ ಕೂರಿಸಿ, "ನೀರಿಂದಷ್ಟೇ ಬರಲ್ಲಮ್ಮ. ಕೈಯಿಂದ ಬರತ್ತೆ, ನೊಣದಿಂದ ಬರತ್ತೆ, ಅನ್ನದಿಂದ ಬರತ್ತೆ. ಕಾಯಿಸಿದ್ರೆ ಒಂದು ದಾರಿ ಮುಚ್ಚಿದ ಹಾಗೆ. ಎಲ್ಲಾ ದಾರೀನೂ ಮುಚ್ಚೋಕೆ ಯಾವ ತಾಯಿ ಕೈಲೂ ಆಗಲ್ಲ" ಎಂದರು.

ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಬೀದಿಯವರು ನಮ್ಮ ಮನೆಯ ಮುಂದೆ ದೂರದೂರ ನಿಂತಿದ್ದರು. ಬೇಲಿ ಸುತ್ತಿಕೊಂಡು, ಗೋಡೆ ಹಿಡಿದುಕೊಂಡು, ಮುನಿಯಲ್ಲಮ್ಮನವರು ಬಂದರು. ಕಣ್ಣು ಮಂಜಾಗಿತ್ತು. ನನ್ನ ಮುಖವನ್ನು ಕೈಯಲ್ಲಿ ತಡವಿ, "ನೀಕು ಕೂಡಾ ತೆಲೀದಾ ತಲ್ಲೀ?" ಎಂದರು. ನಿನಗೂ ಗೊತ್ತಿರಲಿಲ್ಲವಾ ತಾಯಿ ಎಂದು. ಆಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು, ನಾಣಿಗೆ ನೀರು ಬೇಡ ಎಂದವಳು ನಾನು, ನಾನು ಎಂದು ಹಣೆ ಹಣೆ ಚಚ್ಚಿಕೊಂಡರು. ಆಕೆ ಸಾಯುವ ತನಕ ನಮ್ಮ ಮನೆಯಲ್ಲೇ ಒಂದು ಹೊತ್ತು ಉಣ್ಣುತ್ತಿದ್ದರು. ನಿನ್ನ ಹತ್ತಿರ ಹೇಳಬೇಕೆಂದಿದ್ದ ಮಾತನ್ನು ನನ್ನ ಹತ್ತಿರವೇ ಹೇಳಿ ಹೋದರು. ಅದನ್ನು ಈಗ ನಿನಗೆ ಮುಟ್ಟಿಸಿದ್ದೇನೆ.

ಈ ಕಾಗದ ಬರೆಯಲು ಕಾರಣ ನಿನ್ನ ಚಿಕ್ಕಮ್ಮನ ಮಗಳು ಗಂಗರತ್ನಮ್ಮ. ನಿನ್ನನ್ನು ನೋಡಿಕೊಂಡು ಬಂದವಳು ನನ್ನ ಹತ್ತಿರ ಕೂತು ಹೇಳಿದಳು: "ವರ್ಷ ತುಂಬಿದ್ ಮಗು ಕಣಮ್ಮ, ಇನ್ನೂ ನೆಲಕ್ಕೇ ಬಿಟ್ಟಿಲ್ಲ ಅವಳು. ಬೆನ್ನಿಗೆ ಕಟ್ಕೊಂಡೇ ಇಟ್ಟಿಗೆ ಹೊರ್ತಾಳೆ. ಕಾಯಿಸಿದ್ ನೀರನ್ನೇ ಮತ್ತೆ ಕಾಯಿಸ್ತಾಳೆ. ನಾನು ಮುಟ್ಟೋಕೆ ಹೋದ್ರೆ ಕೂಗಾಡಿದ್ಲು. ಆ ಮಗೂಗೆ ನಿಲ್ಲೋಕೇ ಬರಲ್ಲ, ಕಾಲು ಕಡ್ಡಿ ಆಗಿದೆ."

ನೀರು ಕಾಯಿಸು. ಹಲ್ಲು ಬಂತು, ಮುದ್ದೆ ತಿನ್ನುತ್ತಾಳೆ ಎಂದು ಯಾರೇ ನಗಲಿ, ಬಿಡಬೇಡ. ಒಂದು ಸಲ ಚೆನ್ನಾಗಿ ಕುದಿಸಿ ಮುಚ್ಚಿಟ್ಟರೆ ಸಾಕು. ಅಕಸ್ಮಾತ್ ಭೇದಿ ಕಂಡರೆ ಉಪ್ಪು ಸಕ್ಕರೆ ಹಾಕಿದ ನೀರು ಕುಡಿಸುತ್ತಲೇ ಆಸ್ಪತ್ರೆಗೆ ಓಡು, ಒಂದು ಕ್ಷಣವೂ ನೀರು ನಿಲ್ಲಿಸಬೇಡ. ಅಂದು ಗೊತ್ತಿರಲಿಲ್ಲ. ಈಗ ಗೊತ್ತಿದೆ, ಹೇಳುತ್ತಿದ್ದೇನೆ. ಆದರೆ ಅವಳನ್ನು ಕೆಳಗೆ ಬಿಡು, ಭಾರತಮ್ಮ. ಬಿದ್ದು ಏಳಲಿ. ಮಣ್ಣು ಬಾಯಿಗಿಟ್ಟರೆ ಬೈದು ಬಾಯಿ ತೊಳೆ. ಗಂಗರತ್ನಮ್ಮ ಎತ್ತಿಕೊಳ್ಳಲಿ. ಹಾಗೆ ಬಿಟ್ಟಾಗ ಏನಾದರೂ ಆಗಿಬಿಟ್ಟರೆ ಎಂದು ನೀನು ಕೇಳುತ್ತೀಯ. ಆಗಬಹುದು. ಎಲ್ಲ ಮಾಡಿಯೂ ನನಗೆ ಆಯಿತು. ಆದರೆ ನನ್ನ ವೆಂಕಟಲಕ್ಷ್ಮಿ ಈ ಅಂಗಳದ ತುಂಬ ಓಡಾಡಿ ಹೋದಳು, ಕೋಳಿಮರಿಗಳ ಹಿಂದೆ ಬಿದ್ದು ಕೇಕೆ ಹಾಕಿ ನಗುತ್ತಿದ್ದಳು. ಅದಿಲ್ಲದಿದ್ದರೆ ನನ್ನ ಹತ್ತಿರ ಈಗ ಅವಳದೆಂದು ಏನೂ ಉಳಿದಿರುತ್ತಿರಲಿಲ್ಲ.

ಉತ್ತರ ಬರೆಯಲೇಬೇಕೆಂದಿಲ್ಲ. ನನ್ನನ್ನು ನಂಬಲೇಬೇಕೆಂದೂ ಇಲ್ಲ. ನಿನ್ನ ಮಗಳ ಹೆಸರೇನೆಂದು ಕೇಳುವುದನ್ನೇ ಮರೆತುಬಿಟ್ಟೆ. ಹೆಸರು ತಿಳಿಯದೆಯೇ ಹರಸುತ್ತಿದ್ದೇನೆ: ಗಟ್ಟಿ ಕಾಲಿನವಳಾಗಲಿ, ನಿನ್ನ ಕಣ್ಣಳತೆ ದಾಟಿ ಓಡುವಂಥವಳಾಗಲಿ, ಹಣ್ಣುಹಣ್ಣು ಮುದುಕಿಯಾಗುವ ತನಕ ಬಾಳಲಿ.

ಇಂತಿ,
ಶಾಮಲಾ